ತೀರ್ಪು ಬರುವ ಮೊದಲೇ ರಕ್ಷಣೆ ಸಿಗಲಿ

ತಿರುಪ್ಪೂರು ಅಂದರೆ ನಮ್ಮ ಕಡೆಯವರಿಗೆ ಬನಿಯನ್ ಊರು. ಅದೇ ಜಿಲ್ಲೆಯ ಉಡುಮಲೈಪೇಟೆ ಬಸ್ ನಿಲ್ದಾಣದ ಹತ್ತಿರ 2016ರ ಮಾರ್ಚ್ 13ರಂದು ಶಂಕರ್ ಎಂಬ ದಲಿತ ಯುವಕನನ್ನು ಹಾಡಹಗಲೇ ಕೊಚ್ಚಿ ಕೊಂದರು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಬೇರೆ ಜಾತಿಯ ಕೌಸಲ್ಯಾಳನ್ನು ಮದುವೆಯಾಗಿದ್ದೇ ಆತನ ಅಪರಾಧವಾಯಿತು! ಆ ದಾಳಿಯಲ್ಲಿ ತೀವ್ರ ಗಾಯಗೊಂಡು ಬದುಕುಳಿದ ಕೌಸಲ್ಯಾ, ಮುಂದೆ ಹೆತ್ತವರ ವಿರುದ್ಧವೇ ಸಾಕ್ಷಿ ಹೇಳಿದರು.

2017ರ ಡಿಸೆಂಬರ್ 12ರಂದು ತಿರುಪ್ಪೂರು ನ್ಯಾಯಾಲಯ ಆಕೆಯ ತಂದೆ ಸೇರಿ ಆರು ಮಂದಿಗೆ ಗಲ್ಲು ವಿಧಿಸಿತು. 2020ರ ಜೂನ್ 22ರಂದು ಮದ್ರಾಸ್ ಹೈಕೋರ್ಟ್, ಸಂಚು ಸಾಬೀತಾಗಿಲ್ಲವೆಂದು ತಂದೆಯನ್ನು ಖುಲಾಸೆ ಮಾಡಿತು. ಉಳಿದ ಐವರ ಗಲ್ಲು ಜೀವಾವಧಿಗೆ ಇಳಿಯಿತು. ಗಲ್ಲು ಸರಿಯೋ, ಖುಲಾಸೆ ಸರಿಯೋ ಅಂತ ಚರ್ಚೆ ಬೇಕಾದಷ್ಟು ಆಯಿತು. ಆದರೆ ಮದುವೆಯಾದ ಮೇಲೆ ಆ ದಂಪತಿ ಎಂಟು ತಿಂಗಳು ಒಟ್ಟಿಗೆ ಬಾಳಿದ್ದರು. ಕಾನೂನು ಅವರ ಬೆನ್ನಿಗೆ ನಿಲ್ಲಬೇಕಾಗಿದ್ದು ಆ ಎಂಟು ತಿಂಗಳಲ್ಲಿ. ಕೊಲೆಯಾದ ಮೇಲೆ ಬರುವ ನ್ಯಾಯ ಅರ್ಧ ನ್ಯಾಯ.

ಇದನ್ನೇ ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರ ಶಕ್ತಿವಾಹಿನಿ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ, ಸಮಾಜ ಕಲ್ಯಾಣಾಧಿಕಾರಿ ಇರುವ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ ಇರಬೇಕು. ಜಿಲ್ಲಾ ಕೇಂದ್ರದಲ್ಲಿ ಇಂಥ ಜೋಡಿಗಳಿಗೆ ಸುರಕ್ಷಿತ ವಸತಿ ಒದಗಿಸುವ ಬಗ್ಗೆ ಸರ್ಕಾರಗಳು ಯೋಚಿಸಬೇಕು ಅಂತಲೂ ಹೇಳಿದೆ. ತಮಿಳುನಾಡು ಸರ್ಕಾರ ಪ್ರತ್ಯೇಕ ಕಾನೂನಿಗೆ ಶಿಫಾರಸು ಪಡೆಯಲು ನಿವೃತ್ತ ನ್ಯಾಯಮೂರ್ತಿ ಕೆ.ಎನ್. ಬಾಷಾ ಆಯೋಗವನ್ನು 2025ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಒಳ್ಳೆಯದೇ. ಆದರೆ ಇರುವ ಆದೇಶವೇ ಜನರಿಗೆ ಗೊತ್ತಿಲ್ಲದಿದ್ದರೆ ಹೊಸ ಕಾನೂನು ಬಂದು ಏನು ಮಾಡೀತು?

ಗಡಿಯಲ್ಲಿರುವ ನಮಗೆ ಇನ್ನೊಂದು ತಾಪತ್ರಯ. ಬೆಳಗಾವಿ ಕಡೆ ಹುಡುಗಿ, ಕೊಲ್ಹಾಪುರ ಕಡೆ ಹುಡುಗ ಅಂದರೆ ಯಾವ ಠಾಣೆಗೆ ಹೋಗಬೇಕು? ಇಲ್ಲಿ ‘ನಮ್ಮ ಹದ್ದಿಗೆ ಬರೂದಿಲ್ಲ’ ಅಂದು, ಅಲ್ಲಿ ‘ಆಮಚ್ಯಾ ಹದ್ದೀತ ಯೇತ ನಾಹೀ’ ಅಂದರೆ ಆ ಮಕ್ಕಳ ಗತಿ ಏನು? 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಹಲ್ಲೆ, ಅಪಹರಣದಂಥ ಸಂಜ್ಞೇಯ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಹದ್ದಿನ ನೆಪ ಹೇಳುವಂತಿಲ್ಲ. ವಕೀಲರ ಫೀ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯುವುದೂ ಬೇಡ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಡಿ ಕಾನೂನು ನೆರವು ಉಚಿತ. ಸಹಾಯವಾಣಿ 15100.

ಜಿಲ್ಲಾಡಳಿತಕ್ಕೆ ಒಂದೇ ಮನವಿ. ವಿಶೇಷ ಘಟಕದ ಫೋನ್ ನಂಬರ್, 173ನೇ ಕಲಂ, ಉಚಿತ ಕಾನೂನು ನೆರವಿನ ವಿವರ ಈ ಮೂರನ್ನೂ ಕನ್ನಡ, ಮರಾಠಿ ಎರಡರಲ್ಲೂ ಬರೆಸಿ ಪ್ರತಿ ಠಾಣೆ, ಕಾಲೇಜು, ಬಸ್ ನಿಲ್ದಾಣದಲ್ಲಿ ಹಾಕಿಸಲಿ. ಒಂದು ಬೋರ್ಡಿಗೆ ಎಷ್ಟು ಖರ್ಚಾದೀತು? ಒಂದು ಜೀವಕ್ಕಿಂತ ಹೆಚ್ಚಂತೂ ಅಲ್ಲ.