ಜೋಕರ್‌ಗಿಂತ ಮೊದಲೇ ನಮ್ಮಲ್ಲೊಬ್ಬ ಇದ್ದ

ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್ ಒಮ್ಮೆ ಸ್ಕ್ರಾಲ್ ಮಾಡಿ. ಜೋಕರ್ ಡಿಪಿ ಇಟ್ಟುಕೊಂಡವರು ಒಬ್ಬರಾದರೂ ಸಿಕ್ಕೇ ಸಿಗ್ತಾರೆ. ನಮ್ಮ ಟೀಮಿನಲ್ಲೇ ಇಬ್ಬರಿದ್ದಾರೆ. ಬ್ಯಾಟ್‌ಮ್ಯಾನ್ ಡಿಪಿ ಒಂದೂ ಇಲ್ಲ! ಕೇಳಿದರೆ ಒಂದೇ ಉತ್ತರ: "ಅವನು ಹಾಗಾಗೋಕೆ ಕಾರಣ ಇದೆ ಗುರು."

ಕಾರಣ ಏನು ಅಂತ ಹುಡುಕೋಕೆ ಹೋದರೆ ಮಜಾ ಇರೋದೇ ಅಲ್ಲಿ. 1940ರಲ್ಲಿ 'ಬ್ಯಾಟ್‌ಮ್ಯಾನ್' ಕಾಮಿಕ್‌ನ ಮೊದಲ ಸಂಚಿಕೆಗೆ ಬಂದಾಗ ಜೋಕರ್‌ಗೆ ಊರಿಲ್ಲ, ಅಪ್ಪ ಅಮ್ಮ ಇಲ್ಲ, ಸ್ವಂತ ಹೆಸರೂ ಇಲ್ಲ. 1951ರಲ್ಲಿ ಒಂದು ಕಥೆ ಬಂತು: ಕೆಂಪು ಮುಖವಾಡದ ಕಳ್ಳನೊಬ್ಬ ರಾಸಾಯನಿಕಕ್ಕೆ ಬಿದ್ದು ಮುಖ ಬಿಳಿಚಿಕೊಂಡು, ಕೂದಲು ಹಸಿರಾಗಿ ಹೊರಬಂದ ಅಂತ. 1988ರ 'ದಿ ಕಿಲ್ಲಿಂಗ್ ಜೋಕ್'ನಲ್ಲಿ ಅವನು ಯಾರನ್ನೂ ನಗಿಸಲಾಗದೆ ಸೋತ ಹಾಸ್ಯಗಾರ, ಗರ್ಭಿಣಿ ಹೆಂಡತಿಯನ್ನು ಕಳೆದುಕೊಂಡವನು. ಆದರೆ ತನ್ನ ನೆನಪೇ ಒಂದೊಂದು ಸಲ ಒಂದೊಂದು ಥರ ಅಂತ ಅವನೇ ಹೇಳಿಕೊಳ್ತಾನೆ. 2008ರ 'ದಿ ಡಾರ್ಕ್ ನೈಟ್' ಸಿನಿಮಾದಲ್ಲಿ ತುಟಿಯ ಗಾಯಕ್ಕೆ ಎರಡು ಬೇರೆ ಬೇರೆ ಕಥೆ ಹೇಳ್ತಾನೆ. 2019ರಲ್ಲಿ ಅವನು ಆರ್ಥರ್ ಫ್ಲೆಕ್, ಅಮ್ಮನ ಜೊತೆ ಸಣ್ಣ ಮನೆಯಲ್ಲಿರೋ ಬಡಪಾಯಿ. ಅಷ್ಟೇ ಯಾಕೆ, ಈ ಪಾತ್ರವನ್ನು ಸೃಷ್ಟಿಸಿದ್ದು ಬಾಬ್ ಕೇನ್, ಬಿಲ್ ಫಿಂಗರ್, ಜೆರ್ರಿ ರಾಬಿನ್ಸನ್ ಈ ಮೂವರಲ್ಲಿ ಯಾರು ಅನ್ನೋ ಜಗಳವೇ ಕೊನೆತನಕ ಬಗೆಹರಿಯಲಿಲ್ಲ.

ಇದನ್ನೆಲ್ಲ ಓದಿದಾಗ ನನಗೆ ಅನಿಸಿದ್ದು, ಅರೆ, ಇದು ನಮ್ಮ ರಾವಣನ ಕೇಸಲ್ವಾ?

ನಮ್ಮಲ್ಲಿ ಎಷ್ಟೋ ಜನ ರಾವಣನನ್ನು ಮೊದಲು ನೋಡಿದ್ದು ಕಾಮಿಕ್‌ನಲ್ಲೇ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಶುರುಮಾಡಿದ 'ಅಮರ ಚಿತ್ರಕಥೆ'ಯ ಪುಟಗಳಲ್ಲಿ. ಹತ್ತು ತಲೆ, ದಪ್ಪ ಮೀಸೆ, ಅಟ್ಟಹಾಸ. ಆ ವಯಸ್ಸಿಗೆ ಅಷ್ಟು ಸಾಕಿತ್ತು. ಆದರೆ ಕನ್ನಡದ ಕವಿಗಳಿಗೂ ಜನಪದರಿಗೂ ಅದು ಯಾವತ್ತೂ ಸಾಕಾಗಿರಲಿಲ್ಲ.

ಮೊದಲು ಹುಟ್ಟಿನ ವಿಚಾರ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದ ಪ್ರಕಾರ ರಾವಣ ವಿಶ್ರವಸ್ಸು ಅನ್ನೋ ಋಷಿಯ ಮಗ, ಪುಲಸ್ತ್ಯನ ಮೊಮ್ಮಗ. ತಾಯಿ ಕೈಕಸಿ ರಾಕ್ಷಸ ಕುಲದವಳು. ಕುಬೇರ ಅವನ ಮಲಅಣ್ಣ. ಲಂಕೆಯೂ ಪುಷ್ಪಕ ವಿಮಾನವೂ ಮೊದಲು ಕುಬೇರನದ್ದೇ. ಅಂದ್ರೆ ಇದು ಆಸ್ತಿ ಜಗಳದಿಂದ ಶುರುವಾದ ಕಥೆ.

ಜೈನ ರಾಮಾಯಣಗಳಿಗೆ ಬಂದರೆ ಹತ್ತು ತಲೆಯೇ ಇಲ್ಲ. ಮಗು ರಾವಣ ಒಂಬತ್ತು ರತ್ನಗಳ ಹಾರ ಹಾಕಿಕೊಂಡಾಗ ಒಂದೊಂದರಲ್ಲೂ ಅವನ ಮುಖ ಕಾಣಿಸಿತಂತೆ. ಒಂಬತ್ತು ಪ್ರತಿಬಿಂಬ, ಒಂದು ಅಸಲಿ. ಹಾಗಾಗಿ ದಶಮುಖ. ಇವನು ರಾಕ್ಷಸನೂ ಅಲ್ಲ, ವಿದ್ಯಾಧರ ಕುಲದ ರಾಜ. ಕೊನೆಗೆ ಇವನನ್ನು ಕೊಲ್ಲೋದು ರಾಮನಲ್ಲ, ಲಕ್ಷ್ಮಣ. ಅದೂ ರಾವಣನೇ ಎಸೆದ ಚಕ್ರದಿಂದ!

ಇನ್ನು ಸಂಬಂಧಗಳ ವಿಚಾರ. ಗುಣಭದ್ರಾಚಾರ್ಯರ 'ಉತ್ತರಪುರಾಣ'ದಲ್ಲಿ ಸೀತೆ ರಾವಣ-ಮಂಡೋದರಿಯರ ಮಗಳು. ಈ ಮಗುವಿನಿಂದ ಕೇಡು ಅಂತ ಭವಿಷ್ಯ ಹೇಳಿದ್ದಕ್ಕೆ ಪೆಟ್ಟಿಗೆಯಲ್ಲಿಟ್ಟು ದೂರ ಸಾಗಿಸಿಬಿಡ್ತಾರೆ. 9ನೇ ಶತಮಾನದ ಕೊನೆಗೆ ಬಂಕಾಪುರದಲ್ಲಿ ಗೌರವ ಪಡೆದ ಗ್ರಂಥ ಅದು. 978ರ ನಮ್ಮ 'ಚಾವುಂಡರಾಯ ಪುರಾಣ' ನಡೆಯೋದು ಅದೇ ದಾರಿಯಲ್ಲಿ.

ತಂಬೂರಿ ದಾಸಯ್ಯಗಳು ಹಾಡೋ ಕಥೆ ಇನ್ನೂ ಮುಂದಕ್ಕೆ ಹೋಗುತ್ತೆ. ಎ.ಕೆ. ರಾಮಾನುಜನ್ ಅವರ 'ಮುನ್ನೂರು ರಾಮಾಯಣ' ಪ್ರಬಂಧದಿಂದ ಇದು ಜಗತ್ತಿಗೆಲ್ಲ ಗೊತ್ತಾಯ್ತು. ಮಕ್ಕಳಿಲ್ಲದ ರಾವುಳನಿಗೆ ಯೋಗಿಯ ವೇಷದ ಶಿವ ಒಂದು ಮಾವಿನಹಣ್ಣು ಕೊಡ್ತಾನೆ. ತಿರುಳು ಹೆಂಡತಿಗೆ, ವಾಟೆ ನನಗೆ ಅಂತ ಒಪ್ಪಿಕೊಂಡ ರಾವುಳ, ಮನೆಗೆ ಬಂದು ತಿರುಳು ತಾನು ತಿಂದು ವಾಟೆ ಮಂಡೋದರಿಗೆ ಕೊಡ್ತಾನೆ. ಬಸಿರಾಗಿದ್ದು ಯಾರು? ಅವನೇ! ದಿನಕ್ಕೊಂದು ತಿಂಗಳಿನಂತೆ ಹೊಟ್ಟೆ ಬೆಳೆದು, ಒಂಬತ್ತನೇ ದಿನ ಸೀನಿದಾಗ ಮೂಗಿನಿಂದ ಮಗು. ಸೀತಿದ್ದಕ್ಕೆ ಹುಟ್ಟಿದವಳು ಸೀತೆ. ನಮ್ಮ ಕಡೆ ಈಗಲೂ "ಯಾರೋ ಸೀತ್ರು, ಸ್ವಲ್ಪ ಕೂತು ಹೋಗು" ಅಂತಾರಲ್ಲ, ಅದೇ 'ಸೀತ'. ಈ ಜೋಕು ಕನ್ನಡದಲ್ಲಿ ಮಾತ್ರ ಸಾಧ್ಯ.

ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಇದು ಪೂರ್ತಿ ತಿರುಗುತ್ತೆ. ಅಲ್ಲಿ ರಾವಣ ಕನಸಿನಲ್ಲಿ ಸೀತೆಯ ಮಡಿಲಿನ ಕೂಸಾಗ್ತಾನೆ. ಲೆಕ್ಕ ಹಾಕಿ: ಒಂದೇ ಹೆಣ್ಣಿಗೆ ಇವನು ಅಪಹರಣಕಾರ, ಅಪ್ಪ, ಹೆತ್ತವನು, ಕೊನೆಗೆ ಮಗು. ಜೋಕರ್‌ಗೆ ಎಂಬತ್ತು ವರ್ಷದಲ್ಲಿ ಇಷ್ಟೊಂದು ಸಂಬಂಧ ಗಂಟುಬಿದ್ದಿಲ್ಲ.

ಹಾಗಾದ್ರೆ ಇಷ್ಟೆಲ್ಲ ಹಿನ್ನೆಲೆ ಕೊಟ್ಟು ನಮ್ಮವರು ರಾವಣನನ್ನು ಬಿಟ್ಟುಬಿಟ್ರಾ? ವಿಷಯ ಇರೋದು ಇಲ್ಲಿ.

ಆದಿವಾಲದಲ್ಲಿ, ಹಿರಿಯೂರು ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡಿಸೋದು ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ. ಪಾರ್ಟು ಹಂಚುವಾಗ ಜಗಳ ಬೀಳೋದು ರಾಮನಿಗಲ್ಲ, ರಾವಣನಿಗೆ. ನಾಲ್ಕೈದು ಸಲ ಆ ಪಾರ್ಟು ಮಾಡಿದ್ದ ನಮ್ಮ ಬೀದಿಯ ದೊಡ್ಡಪ್ಪ ಒಬ್ಬರು ಹೇಳ್ತಿದ್ರು: "ರಾಮನಿಗೆ ಮುಖ ಇದ್ರೆ ಸಾಕಪ್ಪ, ರಾವಣನಿಗೆ ಗಂಟ್ಲು ಬೇಕು." ಅವರು ಸ್ಟೇಜಿಗೆ ಬಂದ್ರೆ ಶಿಳ್ಳೆ ಬೀಳ್ತಿತ್ತು, ನೋಟಿನ ಹಾರ ಬೀಳ್ತಿತ್ತು. ಆದರೆ ಬೆಳಗಿನ ಜಾವ ಯುದ್ಧದ ಸೀನು ಮುಗಿದು ರಾವಣ ಬಿದ್ದಾಗ, ಅದೇ ಜನ ಎದ್ದು ನಿಂತು ರಾಮನಿಗೆ ಆರತಿ ಮಾಡ್ತಿದ್ರು. ಮೆಚ್ಚೋದು ಬೇರೆ, ಒಪ್ಪೋದು ಬೇರೆ. ಈ ಎರಡು ಫೋಲ್ಡರ್ ಅವರ ತಲೆಯಲ್ಲಿ ಯಾವತ್ತೂ ಕಲಸಿಹೋಗಲಿಲ್ಲ.

ಇದನ್ನು ಇನ್ನೂ ಹರಿತವಾಗಿ ತೋರಿಸಿದವನು ನಾಗಚಂದ್ರ, ಅಂದ್ರೆ ಅಭಿನವ ಪಂಪ. ಅವನ 'ರಾಮಚಂದ್ರಚರಿತ ಪುರಾಣ'ದ ರಾವಣ ಸಜ್ಜನ, ಶೂರ. ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ವ್ರತ ಹಿಡಿದವನು. ಸೀತೆಯ ಮೇಲೆ ಮನಸ್ಸು ಹೋಗುತ್ತೆ, ಎತ್ತಿಕೊಂಡು ಬರ್ತಾನೆ, ಒಲಿಸೋಕೆ ನೋಡ್ತಾನೆ, ಹೆದರಿಸ್ತಾನೆ. ರಾಮನಿಗೆ ಏನಾದರೂ ಆದೀತು ಅನ್ನೋ ಭಯಕ್ಕೆ ಅವಳು ಮೂರ್ಛೆ ಹೋದಾಗ ಇವನ ಎದೆ ತಿಳಿಯಾಗುತ್ತೆ. ತಾನು ಮಾಡಿದ್ದು ತಪ್ಪು ಅಂತ ಅವನಿಗೇ ಗೊತ್ತಾಗುತ್ತೆ. ಸೀತೆಯನ್ನು ವಾಪಸ್ ಕೊಡಬೇಕು ಅಂತ ತೀರ್ಮಾನವನ್ನೂ ಮಾಡ್ತಾನೆ.

ಆದರೆ ಈಗಲೇ ಅಲ್ಲ. ಈಗ ಕೊಟ್ಟರೆ ಹೆದರಿ ಕೊಟ್ಟ ಅಂದುಕೊಳ್ತಾರೆ. ಮೊದಲು ಯುದ್ಧದಲ್ಲಿ ರಾಮ-ಲಕ್ಷ್ಮಣರನ್ನು ಗೆದ್ದು, ಆಮೇಲೆ ಒಪ್ಪಿಸ್ತೀನಿ ಅಂತಾನೆ. ಆ 'ಆಮೇಲೆ' ಬರಲೇ ಇಲ್ಲ.

ಸುಮಾರು ಒಂಬೈನೂರು ವರ್ಷದ ಹಿಂದಿನ ಕಾವ್ಯ ಇದು. ಆದರೆ ಆ 'ಆಮೇಲೆ' ನಮಗೆಲ್ಲ ಚೆನ್ನಾಗಿ ಗೊತ್ತು. ಮೊದಲು ವಾದದಲ್ಲಿ ಗೆಲ್ತೀನಿ, ಆಮೇಲೆ ಸಾರಿ ಕೇಳ್ತೀನಿ. ಅಪ್ರೈಸಲ್ ಮುಗೀಲಿ, ಆಮೇಲೆ ಜೂನಿಯರ್ ಹತ್ರ ಮಾತಾಡ್ತೀನಿ. ಅವಳೇ ಮೊದಲು ಮೆಸೇಜ್ ಮಾಡ್ಲಿ, ಆಮೇಲೆ ನೋಡೋಣ. ನಾಗಚಂದ್ರ ಹೇಳೋದು ಇಷ್ಟೇ: ರಾವಣ ಹಾಳಾಗಿದ್ದು ಕೆಟ್ಟವನಾಗಿದ್ದಕ್ಕಲ್ಲ, ಒಳ್ಳೇದನ್ನು ಮುಂದಕ್ಕೆ ಹಾಕಿದ್ದಕ್ಕೆ.

ನಮ್ಮ ಕೆಲಸದಲ್ಲಿ ರೂಟ್ ಕಾಸ್ ಅಂತ ಹುಡುಕ್ತೀವಲ್ಲ, ಅದು ಸಿಕ್ಕಿತು ಅಂದ ಮಾತ್ರಕ್ಕೆ ಟಿಕೆಟ್ ಕ್ಲೋಸ್ ಆಗಲ್ಲ. ಫಿಕ್ಸ್ ಮಾಡಲೇಬೇಕು. ಹಿನ್ನೆಲೆ ಅನ್ನೋದು ಕಾರಣ ಹೇಳುತ್ತೆ, ಮಾಫಿ ಕೊಡಲ್ಲ. ಇದನ್ನು ಮರೆತರೆ ಏನಾಗುತ್ತೆ ಅನ್ನೋದಕ್ಕೆ ಜೋಕರ್-ಹಾರ್ಲಿ ಕ್ವಿನ್ ಜೋಡಿ ನೋಡಿ. 1992ರಲ್ಲಿ ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿಗಾಗಿ ಹುಟ್ಟಿದ ಪಾತ್ರ ಅವಳು. ಅವನ ಚಿಕಿತ್ಸೆಗೆ ಬಂದ ಡಾಕ್ಟರು, ಅವನು ಹೇಳಿದ ಬಾಲ್ಯದ ನೋವಿನ ಕಥೆ ನಂಬಿ ಸೋತವಳು. ಆಮೇಲೆ ಬಿದ್ದಿದ್ದು ಬರೀ ಪೆಟ್ಟು. ಕಾಮಿಕ್‌ನಲ್ಲೇ ಅವಳು ಅವನನ್ನು ಬಿಟ್ಟು ಹೋಗಿದ್ದಾಳೆ. ನಮ್ಮವರು ಮಾತ್ರ ಇನ್ನೂ ಅವರಿಬ್ಬರ ಫೋಟೋ ಹಾಕಿ ಹಾರ್ಟ್ ಒತ್ತುತ್ತಾ ಇದ್ದಾರೆ.

ಜೋಕರ್ ಡಿಪಿ ತೆಗೀರಿ ಅಂತ ನಾನು ಹೇಳ್ತಿಲ್ಲ, ಇರಲಿ. ಯಾರ ಜೊತೆಗಾದರೂ "ಮೊದಲು ನಾನು ಗೆಲ್ಲಬೇಕು, ಆಮೇಲೆ ಸರಿಮಾಡ್ತೀನಿ" ಅಂತ ಕೂತಿದ್ದರೆ ಮಾತ್ರ, ಫೋನ್ ಹೇಗೂ ಕೈಯಲ್ಲೇ ಇದೆ. ಇದನ್ನು ಮುಚ್ಚಿ ಅವರಿಗೊಂದು ಕಾಲ್ ಮಾಡಿ.