ಕಿವಿಗೆ ಒಪ್ಪುವ ಒಂಟಿಕಲ್ಲು

ಮಕ್ಕಳೇ, ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಮೀಟಿಂಗ್ ನಡೆಯಿತು. ಅಧ್ಯಕ್ಷತೆ ಏಳನೇ ತರಗತಿಯ ನಮ್ಮ ಮೊಮ್ಮಗಳು ಪುಟ್ಟಿಯದು. ನಮ್ಮ ಮದುವೆಗೆ ಐವತ್ತು ವರ್ಷ ತುಂಬುವುದಿತ್ತು. ನನ್ನದೊಂದು ಠೇವಣಿಯೂ ವಾಯಿದೆಗೆ ಬಂದಿತ್ತು. ಅಜ್ಜಿಗೆ ಒಂಟಿಕಲ್ಲಿನ ವಜ್ರದ ಓಲೆ ಕೊಡಿಸೋಣ ಎಂದು ನಾನು ಹೇಳಿದ್ದೇ ತಡ, ಸೊಪ್ಪು ಬಿಡಿಸುತ್ತಿದ್ದ ನಮ್ಮ ಮನೆಯಾಕೆ ತಲೆ ಎತ್ತಿದಳು.

"ರೀ, ಎಪ್ಪತ್ತರ ಮೇಲೆ ನನಗ್ಯಾಕ್ರೀ ವಜ್ರ? ಆ ದುಡ್ಡು ಮಗು ಓದಿಗಿರಲಿ."

"ನಿಂಗೆ ಯಾವತ್ತೂ ವಜ್ರದ ಓಲೆ ಇರ್ಲೇ ಇಲ್ವಾ ಅಜ್ಜಿ?" ಎಂದು ಪುಟ್ಟಿ ಕೇಳಿತು. ಆಕೆ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಉತ್ತರ ನಾನೇ ಹೇಳಬೇಕಾಯಿತು.

ಇತ್ತು. ತವರಿನಿಂದ ತಂದ ಏಳು ಕಲ್ಲಿನ ಬೆಂಡೋಲೆ. ೧೯೮೬ರಲ್ಲಿ ಈ ಮನೆಯ ನಿವೇಶನದ ಕೊನೆಯ ಕಂತು ಕಟ್ಟಬೇಕಿತ್ತು. ನಾನು ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲೇ ಕೂತಿದ್ದವನು. ಒಡವೆ ಅಡವಿಡಲು ಬಂದರೆ ಕಲ್ಲಿನ ತೂಕ ಕಳೆದು, ಉಳಿದ ಚಿನ್ನಕ್ಕೆ ಮಾತ್ರ ಸಾಲ. "ಹಾಗಾದ್ರೆ ಕಲ್ಲಿಗೆ ಬೆಲೇನೇ ಇಲ್ವೇನಪ್ಪಾ?" ಎಂದು ಎಷ್ಟೋ ಅಜ್ಜಿಯರು ನನ್ನನ್ನು ಕೇಳಿದ್ದರು. ಆ ಪ್ರಶ್ನೆ ಅಂದು ನಮ್ಮ ಮನೆಗೇ ಬಂತು. ಸಾಲ ಸಾಲದಾಯಿತು, ಓಲೆ ಮಾರಿದೆವು. ಅಂಗಡಿಯವರು ಕೊಟ್ಟದ್ದು ನಾವು ಎಣಿಸಿದ್ದರಲ್ಲಿ ಅರ್ಧವೂ ಅಲ್ಲ. ತೂತು ಮುಚ್ಚಿಕೊಳ್ಳದಿರಲೆಂದು ಆಕೆ ಕೆಲವು ದಿನ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡೇ ಓಡಾಡಿದಳು. ಒಂದು ಮಾತೂ ಆಡಲಿಲ್ಲ.

ಪುಟ್ಟಿ ನೆಲ ನೋಡಿತು, ಗೋಡೆ ನೋಡಿತು. "ಹಾಗಾದ್ರೆ ನಾವೆಲ್ಲ ಅಜ್ಜಿ ಓಲೆ ಮೇಲೇ ಕೂತಿದೀವಿ" ಎಂದಿತು. ಮೀಟಿಂಗ್ ಅಲ್ಲಿಗೇ ಮುಗಿಯಿತು. ಮರುದಿನ ಮೂವರೂ ಅಂಗಡಿಗೆ ಹೊರಟೆವು.

ಅಲ್ಲಿ ಮೊದಲ ಗೊಂದಲವೇ ಕ್ಯಾರಟ್. ಚಿನ್ನಕ್ಕೆ ಕ್ಯಾರಟ್ ಎಂದರೆ ಶುದ್ಧತೆ. ೨೪ರಲ್ಲಿ ೧೮ ಭಾಗ ಚಿನ್ನವಿದ್ದರೆ ೧೮ ಕ್ಯಾರಟ್, ಅಂದರೆ ನೂರಕ್ಕೆ ೭೫. ವಜ್ರಕ್ಕೆ ಕ್ಯಾರಟ್ ಎಂದರೆ ತೂಕ. ಒಂದು ಕ್ಯಾರಟ್ ೨೦೦ ಮಿಲಿಗ್ರಾಂ. ಅದರ ನೂರನೇ ಒಂದು ಪಾಲನ್ನು ಅಂಗಡಿಯವರು ಸೆಂಟ್ ಎನ್ನುತ್ತಾರೆ.

ನಮಗೆ ಮೊದಲು ತೋರಿಸಿದ್ದು ತಲಾ ೫೦ ಸೆಂಟಿನ ಜೊತೆ. "ಇಷ್ಟು ದೊಡ್ಡ ಕಲ್ಲು ಕಿವಿ ಜಗ್ಗಲ್ವಾ ತಾತ?" ಎಂದಿತು ಪುಟ್ಟಿ. ಲೆಕ್ಕ ಹಾಕು ಎಂದೆ. ಒಂದು ಕಲ್ಲು ೧೦೦ ಮಿಲಿಗ್ರಾಂ. ಜ್ವರಕ್ಕೆ ನುಂಗುವ ಮಾತ್ರೆಯಲ್ಲಿ ೫೦೦ ಮಿಲಿಗ್ರಾಂ ಔಷಧ ಇರುತ್ತದಲ್ಲ, ಅದರ ಐದನೇ ಒಂದು ಪಾಲು! ಕಿವಿ ಜಗ್ಗುವುದು ಕಲ್ಲಲ್ಲ, ಅದರ ಸುತ್ತ ಹಾಕಿದ ಚಿನ್ನ.

ಆಮೇಲೆ ತಲಾ ೩೦ ಸೆಂಟಿನ ಜೊತೆ ತರಿಸಿದೆವು. ೫೦ ಸೆಂಟಿನ ದುಂಡು ಕಲ್ಲು ಸುಮಾರು ೫.೧ ಮಿಲಿಮೀಟರ್ ಅಗಲ, ೩೦ ಸೆಂಟಿನದು ಸುಮಾರು ೪.೩. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಆದರೆ ಬೆಲೆ ಅರ್ಧಕ್ಕಿಂತ ಕಡಿಮೆ! ಕಲ್ಲು ದೊಡ್ಡದಾದಂತೆ ತೂಕ ಮಾತ್ರವಲ್ಲ, ಕ್ಯಾರಟ್ ಒಂದರ ದರವೂ ಏರುತ್ತದೆ. ಅದಕ್ಕೇ ಅರ್ಧ ಕ್ಯಾರಟ್ಟಿನ ಎರಡು ಕಲ್ಲಿಗಿಂತ ಒಂದು ಕ್ಯಾರಟ್ಟಿನ ಒಂದೇ ಕಲ್ಲು ದುಬಾರಿ.

ಬಣ್ಣಕ್ಕೂ ದರ್ಜೆಯಿದೆ. ಏನೇನೂ ಬಣ್ಣವಿಲ್ಲದ್ದು 'ಡಿ', ಅಲ್ಲಿಂದ 'ಝಡ್'ವರೆಗೆ ಹಳದಿ ಛಾಯೆ ಏರುತ್ತದೆ. ಹಳದಿ ಚಿನ್ನದಲ್ಲಿ ಕೂರಿಸುವ ಕಲ್ಲಿಗೆ 'ಡಿ'ಯೇ ಬೇಕೆಂದು ಹಟ ಹಿಡಿಯಬೇಕಿಲ್ಲ, ಸಣ್ಣ ಛಾಯೆ ಚಿನ್ನದಲ್ಲಿ ಮರೆಯಾಗುತ್ತದೆ. ಆದರೆ ಎರಡು ಕಲ್ಲೂ ಒಂದೇ ಬಣ್ಣ, ಒಂದೇ ಅಳತೆಯವಾಗಿರಬೇಕು. ಹೊಳಪಿನ ಗುಟ್ಟು ಮಾತ್ರ ಕಲ್ಲನ್ನು ಕತ್ತರಿಸಿದ ರೀತಿಯಲ್ಲಿದೆ. ಅದರಲ್ಲಿ ಜಿಪುಣತನ ಬೇಡ.

ಇನ್ನು ಕಟ್ಟುವ ಬಗೆ. ಉಗುರಿನಂಥ ನಾಲ್ಕು ಚಿನ್ನದ ಹಿಡಿಗಳಲ್ಲಿ ಕೂರಿಸಿದರೆ ಕಲ್ಲು ಹೆಚ್ಚು ಕಾಣುತ್ತದೆ. ಆರು ಹಿಡಿಯಾದರೆ ಇನ್ನೂ ಭದ್ರ. ಆದರೆ ಹಿಡಿಗಳು ಕೂದಲಿಗೆ, ಟವೆಲಿಗೆ ಸಿಕ್ಕಿಕೊಳ್ಳುವುದುಂಟು. ಮೂರನೆಯದು ಕಲ್ಲಿನ ಸುತ್ತ ಚಿನ್ನದ ಅಂಚು ಕಟ್ಟಿದ್ದು. ಕಲ್ಲು ಸ್ವಲ್ಪ ಕಡಿಮೆ ಕಂಡರೂ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಮನೆಯಾಕೆ ಅದನ್ನೇ ಬೆರಳಲ್ಲಿ ಸವರಿ ನೋಡಿದಳು. ಬಳಿಕ ಓಲೆ ತಿರುಗಿಸಿ ಹಿಂಭಾಗ ನೋಡಿದಳು. ಒತ್ತಿ ಸಿಕ್ಕಿಸುವ ಬಗೆ ಬೇಡ, ತಿರುಪೇ ಬೇಕು ಎಂದಳು. ಹಳೆಯ ಬೆಂಡೋಲೆಯ ಭಾರಕ್ಕೆ ಕಿವಿಯ ತೂತು ಹಿಗ್ಗಿತ್ತು, ಓಲೆ ಮುಂದಕ್ಕೆ ಬಾಗುತ್ತಿತ್ತು. ಹಿಂದೆ ಅಗಲವಾದ ಬಿಲ್ಲೆ ಇಟ್ಟು ತಿರುಪು ಹಾಕಿದ ಮೇಲೆ ನೆಟ್ಟಗೆ ನಿಂತಿತು.

"ದೊಡ್ಡದು ಬೇಡ್ವಾ?" ಎಂದೆ.

"ದೊಡ್ಡದು ನೋಡೋರಿಗೆ. ಹಾಕ್ಕೊಳ್ಳೋಳಿಗೆ ಬಿದ್ದುಹೋಗದೇ ಇದ್ರೆ ಸಾಕು" ಎಂದಳು. ಉಳಿದ ಹಣ ಪುಟ್ಟಿಯ ಹೆಸರಿಗೆ ಮತ್ತೆ ಠೇವಣಿಯಾಯಿತು. ಇಬ್ಬರೂ ಗೆದ್ದಂತಾಯಿತು.

ಹಿರಿಯರಿಗೊಂದು ಮಾತು. ವಜ್ರ ಕೊಳ್ಳುವುದು ಹಾಕಿಕೊಂಡು ಸಂತೋಷಪಡಲು. ಕಷ್ಟಕಾಲದ ಉಳಿತಾಯವೆಂದು ಕೊಳ್ಳಬೇಡಿ. ಕೌಂಟರಿನ ಎರಡೂ ಕಡೆ ಕೂತವನ ಅನುಭವ ಇದು. ಕಲ್ಲಿಗೆ ಪ್ರಮಾಣಪತ್ರ, ಚಿನ್ನಕ್ಕೆ ಹಾಲ್‌ಮಾರ್ಕ್, ತೂಕ ಬಿಡಿಬಿಡಿಯಾಗಿ ಬರೆದ ಬಿಲ್ಲು, ಮೂರನ್ನೂ ಕೇಳಿ ಪಡೆಯಿರಿ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂಗಾಲವೇ, ಬೆಲೆ ಬಹಳ ಕಡಿಮೆ. ಕೊಂಡರೆ ತಪ್ಪಿಲ್ಲ, ಹಾಗೆಂದು ಬಿಲ್ಲಿನಲ್ಲಿ ಬರೆದಿರಬೇಕು ಅಷ್ಟೆ.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ವಜ್ರಕ್ಕೆ ಜಿಡ್ಡು ಬೇಗ ಹತ್ತಿ ಹೊಳಪು ಕುಗ್ಗುತ್ತದೆ. ನಿಮ್ಮ ಅಜ್ಜಿಯ ಬಳಿ ವಜ್ರದ ಓಲೆಯಿದ್ದರೆ, ಕೇಳಿಕೊಂಡು, ಉಗುರು ಬೆಚ್ಚಗಿನ ಸೋಪಿನ ನೀರಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆದುಕೊಡಿ. ಸಿಂಕಿನಲ್ಲಿ ಬೇಡ, ಬಟ್ಟಲಲ್ಲಿ! ವಜ್ರವಿಲ್ಲದಿದ್ದರೂ ಚಿಂತೆಯಿಲ್ಲ, ಯಾವ ಓಲೆಯಾದರೂ ತಿರುಪು ಬಿಗಿಯಾಗಿದೆಯೇ ನೋಡಿ. ಹಾಗೇ ಪಕ್ಕದಲ್ಲಿ ಕೂತು, ಈಗಿನ ಓಲೆಗಿಂತ ಮೊದಲು ಆ ಕಿವಿಯಲ್ಲಿ ಏನಿತ್ತು ಎಂದು ಕೇಳಿ.