ಟೇಶನ್ನಿಗೆ ಬಣ್ಣ ಬಂತು, ಡಬ್ಬಿ ಯಾವಾಗ?

2025ರ ಮೇ 22ರಂದು ಪ್ರಧಾನಿಯವರು ರಾಜಸ್ಥಾನದ ಬಿಕಾನೇರ್‌ನಿಂದ ಅಮೃತ ಭಾರತ ಯೋಜನೆಯಲ್ಲಿ ನವೀಕರಿಸಿದ 103 ರೈಲು ನಿಲ್ದಾಣಗಳನ್ನು ಒಟ್ಟಿಗೆ ಉದ್ಘಾಟಿಸಿದರು. ಕರ್ನಾಟಕದ ಪಾಲಿಗೆ ಬಂದವು ಐದು: ಧಾರವಾಡ, ಗದಗ, ಬಾಗಲಕೋಟೆ, ಮುನಿರಾಬಾದ್ ಮತ್ತು ಗೋಕಾಕ ರೋಡ್. ಜಿಲ್ಲಾ ಕೇಂದ್ರಗಳ ಸಾಲಿನಲ್ಲಿ, ಊರಿಂದ ದೂರವಿರುವ ಗೋಕಾಕ ರೋಡಿನ ಹೆಸರು ಕಂಡು ಈ ಭಾಗದವರು ಹಿಗ್ಗಿದ್ದು ಸಹಜ. ಹೊಸ ಕಟ್ಟಡ, ನೆರಳು, ಕೂಡಲು ಜಾಗ ಯಾರಿಗೆ ಬೇಡ? ಆದರೂ ನಿಲ್ದಾಣ ಎಷ್ಟೇ ಚಂದವಿದ್ದರೂ ಅದು ಕಾಯುವ ಜಾಗವಷ್ಟೇ. ಜನ ಹೋಗುವುದು ಡಬ್ಬಿಯಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜನ ಈಗ ಒಕ್ಕೊರಲಿನಿಂದ ಕೇಳಬೇಕಾದ್ದು ಬೆಳಗಾವಿ–ಮೀರಜ್ ನಡುವೆ ದಿನಕ್ಕೆ ಹಲವು ಸಲ ಓಡಾಡುವ, ಎಲ್ಲ ಟೇಶನ್ನುಗಳಲ್ಲೂ ನಿಲ್ಲುವ, ಹೊಸ ಡಬ್ಬಿಗಳ ಮೆಮು, ಅಂದರೆ ಬೇರೆ ಇಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವ ಗಾಡಿ. ಇನ್ನೊಂದು ಎಕ್ಸ್‌ಪ್ರೆಸ್ಸಿಗೆ ಇನ್ನೊಂದು ನಿಲುಗಡೆ ಎಂಬ ಹಳೆಯ ಮನವಿಪತ್ರವನ್ನು ಕೆಲಕಾಲ ಬದಿಗಿಡಬಹುದು.

ಇದೇ ಬೇಡಿಕೆಯನ್ನು ಹತ್ತು ವರ್ಷಗಳ ಹಿಂದೆ ಇಟ್ಟಿದ್ದರೆ ರೈಲ್ವೆಯವರ ಬಳಿ ಎರಡು ಸಿದ್ಧ ಉತ್ತರಗಳಿದ್ದವು: ಹಳಿ ಒಂದೇ, ಮೇಲೆ ತಂತಿ ಇಲ್ಲ. ಎರಡೂ ಆಗ ನಿಜ. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮೀಟರ್‌ಗೇಜ್ ದಾರಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತಾದರೂ ಒಂಟಿ ಹಳಿಯಾಗಿಯೇ ಉಳಿಯಿತು. ಎದುರಿನಿಂದ ಬರುವ ಎಕ್ಸ್‌ಪ್ರೆಸ್ಸಿಗೋ ಗೂಡ್ಸಿಗೋ ದಾರಿ ಬಿಟ್ಟು ಪ್ಯಾಸೆಂಜರ್ ಗಾಡಿ ಸಣ್ಣ ಟೇಶನ್ನಿನಲ್ಲಿ ‘ಕ್ರಾಸಿಂಗ್’ಗಾಗಿ ಕಾಯುವುದು ತಪ್ಪಲಿಲ್ಲ. ಲೋಂಡಾ–ಮೀರಜ್ ನಡುವಿನ 186 ಕಿ.ಮೀ. ಜೋಡಿ ಹಳಿ ಕೆಲಸ 2015–16ರಲ್ಲಿ ಮಂಜೂರಾಗಿ, ತುಂಡು ತುಂಡಾಗಿ ಮುಗಿಯುತ್ತ ಬಂತು. ಘಟಪ್ರಭಾ–ಚಿಕ್ಕೋಡಿ ರೋಡ್ ತುಂಡು ಮೊದಮೊದಲು ಸಿದ್ಧವಾದವುಗಳಲ್ಲಿ ಒಂದು. ಇನ್ನು ವಿದ್ಯುತ್ತಿನ ಮಾತು. ವಂದೇ ಭಾರತ್ ಡೀಸೆಲ್ಲಿನಿಂದ ಓಡುವ ಗಾಡಿಯಲ್ಲ. ಹುಬ್ಬಳ್ಳಿ–ಪುಣೆ ವಂದೇ ಭಾರತ್ 2024ರ ಸೆಪ್ಟೆಂಬರ್‌ನಿಂದ ಇದೇ ದಾರಿಯಲ್ಲಿ ಹಾದುಹೋಗುತ್ತಿದೆ. ತಂತಿ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಗಾಡಿಗೆ ಹಸಿರು ನಿಶಾನೆ ತೋರಿದ ದಿನವೇ ಒಂದು ಪಾಠ. 2024ರ ಸೆಪ್ಟೆಂಬರ್ 16ರಂದು ಅಹಮದಾಬಾದಿನ ಅದೇ ಸಮಾರಂಭದಲ್ಲಿ ಭುಜ್–ಅಹಮದಾಬಾದ್ ನಡುವಿನ ‘ನಮೋ ಭಾರತ್ ರ‍್ಯಾಪಿಡ್ ರೈಲ್’ ಕೂಡ ಹೊರಟಿತು. 12 ಡಬ್ಬಿ, ಗಂಟೆಗೆ 110 ಕಿ.ಮೀ. ವೇಗ, ರಿಸರ್ವೇಶನ್ ಇಲ್ಲ, ನಡುವಿನ ಊರುಗಳಿಂದ ಹತ್ತಿ ಇಳಿಯುವವರಿಗಾಗಿಯೇ ಮಾಡಿದ ಗಾಡಿ. ನಮ್ಮ ಪಾಲಿಗೆ ಬಂದದ್ದು ಟಿಕೆಟ್ ಕಾದಿರಿಸಿ ಕೂತು ಹೋಗುವ, ವಾರಕ್ಕೆ ಮೂರು ದಿನದ ಗಾಡಿ. ಪುಣೆಯಲ್ಲಿ ಕೆಲಸಕ್ಕಿರುವವರಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಕೂಡ ಬಂತು. ಆದರೆ ಪಾಶ್ಚಾಪುರದಿಂದ ಬೆಳಗಾವಿಯ ಕಾಲೇಜಿಗೆ ಹೋಗುವ ಹುಡುಗಿಗೆ ಈ ಎರಡೂ ಗಾಡಿಗಳಿಂದ ಆಗುವ ಉಪಯೋಗ ಸೊನ್ನೆ. ದಾರಿಯನ್ನು ದೂರದ ಊರಿನವರಿಗೆ ಕೊಟ್ಟು, ದಾರಿಯ ಪಕ್ಕದವರಿಗೆ ನೋಡುವ ಭಾಗ್ಯ ಮಾತ್ರ ಬಿಟ್ಟಂತಾಗಿದೆ.

ಡಬ್ಬಿಯ ಮಾದರಿಗೆ ಇಷ್ಟು ಮಹತ್ವ ಯಾಕೆ ಎಂದು ಕೇಳಬಹುದು. ಇಂಜಿನ್ ಎಳೆಯುವ ಮಾಮೂಲಿ ಪ್ಯಾಸೆಂಜರ್ ಗಾಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರ ಹಳೆಯ ನೀಲಿ ಡಬ್ಬಿಗೆ ಒಂದೊಂದು ಬದಿಗೆ ಎರಡೇ ಬಾಗಿಲು, ಅವೂ ಡಬ್ಬಿಯ ಎರಡು ತುದಿಗೆ, ಇಬ್ಬರು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಬೇಕಾದಷ್ಟು ಕಿರಿದು. ಪ್ಲಾಟ್‌ಫಾರ್ಮ್ ತಗ್ಗಿದ್ದಲ್ಲಿ ಕಂಬಿ ಹಿಡಿದು ಕಡಿದಾದ ಮೆಟ್ಟಿಲು ಏರಬೇಕು. ತಲೆಯ ಮೇಲೆ ತರಕಾರಿ ಬುಟ್ಟಿ, ಕಂಕುಳಲ್ಲಿ ಕೂಸು ಇದ್ದವರ ಪಾಡು ಹೇಳಬೇಕಿಲ್ಲ. ಒಳಗೆ ಬಾಗಿಲ ಬಳಿಯೇ ಶೌಚಾಲಯ, ಅದರ ಮುಂದೆಯೇ ಜನ ಕಟ್ಟಿಕೊಂಡು ನಿಲ್ಲುತ್ತಾರೆ, ನಡುವಿನ ಜಾಗ ಖಾಲಿ ಇದ್ದರೂ ಅಲ್ಲಿಗೆ ತಲುಪುವಂತಿಲ್ಲ. ಈ ಡಬ್ಬಿ ರಾತ್ರಿಯೆಲ್ಲ ಕೂತು ದೂರ ಹೋಗುವವರ ಲೆಕ್ಕದಲ್ಲಿ ಆದದ್ದು. ಹತ್ತು ನಿಮಿಷಕ್ಕೊಮ್ಮೆ ಐವತ್ತು ಜನ ಇಳಿದು ಐವತ್ತು ಜನ ಹತ್ತುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಮೆಮು ಡಬ್ಬಿಯಲ್ಲಿ ಬಾಗಿಲು ಅಗಲ, ಬಾಗಿಲ ಬಳಿ ನಿಲ್ಲಲು ತೆರಪು, ನಿಂತವರಿಗೆ ಮೇಲೆ ಹಿಡಿ. ಗಾಡಿಯ ಎರಡೂ ತುದಿಗೆ ಚಾಲಕನ ಕೋಣೆ ಇರುವುದರಿಂದ ಕೊನೆಯ ಟೇಶನ್ನಿನಲ್ಲಿ ಇಂಜಿನ್ ಕಳಚಿ, ಸುತ್ತು ಹಾಕಿಸಿ, ಇನ್ನೊಂದು ತುದಿಗೆ ಜೋಡಿಸುವ ಗೋಜಿಲ್ಲ. ಚಾಲಕ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಗಾಡಿ ತಿರುಗಿ ಹೊರಡಲು ತಯಾರು.

ಎಲ್ಲಕ್ಕಿಂತ ಮುಖ್ಯವಾದದ್ದು ಏರುವೇಗ. ಬೆಳಗಾವಿ ಬಿಟ್ಟರೆ ಸಾಂಬ್ರಾ, ಸುಳೇಭಾವಿ, ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಎಂದು ಮೀರಜ್‌ವರೆಗೆ ಟೇಶನ್ನುಗಳ ಮಾಲೆಯೇ ಇದೆ. ನಿಂತ ಗಾಡಿಯನ್ನು ಮತ್ತೆ ವೇಗಕ್ಕೆ ತರುವುದರಲ್ಲಿ ಇಂಜಿನ್ ಗಾಡಿ ಕಳೆಯುವ ಹೊತ್ತೇ ಪ್ಯಾಸೆಂಜರ್ ಪ್ರಯಾಣವನ್ನು ಬೇಸರ ಹಿಡಿಸುವಷ್ಟು ಉದ್ದ ಮಾಡುತ್ತದೆ. ಮೆಮುವಿನಲ್ಲಿ ಮೋಟಾರು ಗಾಡಿಯ ಡಬ್ಬಿಗಳ ಅಡಿಯಲ್ಲೇ ಇರುತ್ತದೆ, ಬೇಗ ಓಟ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಹೊಸ ಮಾದರಿಗಳಲ್ಲಿ ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತು ತಂತಿಗೆ ಮರಳುತ್ತದೆ. ಒಂದು ನಿಲುಗಡೆಗೆ ಒಂದೇ ನಿಮಿಷ ಉಳಿದರೂ ಇಷ್ಟು ಟೇಶನ್ನುಗಳಿಗೆ ಹೆಚ್ಚುಕಡಿಮೆ ಕಾಲು ಗಂಟೆ ಉಳಿಯಿತು. ದೂರದ ಪ್ರಯಾಣಿಕನಿಗೆ ಕಾಲು ಗಂಟೆ ಲೆಕ್ಕಕ್ಕಿಲ್ಲ. ದಿನಾ ಹೋಗಿಬರುವವನಿಗೆ ಬಸ್ಸೋ ರೈಲೋ ಎಂಬುದನ್ನು ತೀರ್ಮಾನಿಸುವುದೇ ಅದು.

ಹೋಗಿಬರುವವರು ಇದ್ದಾರೆಯೇ? 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 47.8 ಲಕ್ಷ, ಬೆಂಗಳೂರು ನಗರ ಜಿಲ್ಲೆಯ ನಂತರ ರಾಜ್ಯದಲ್ಲಿ ಎರಡನೆಯದು. ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯ, ಕೋರ್ಟು, ಜಿಲ್ಲಾ ಕಚೇರಿ ಎಲ್ಲ ಬೆಳಗಾವಿಯಲ್ಲಿ. ಇನ್ನೊಂದು ತುದಿಯಲ್ಲಿ ಮೀರಜ್: 1894ರಿಂದ ವಾನ್ಲೆಸ್ ಆಸ್ಪತ್ರೆ ಇರುವ ಆ ಊರಿಗೆ ನಮ್ಮ ಉತ್ತರದ ತಾಲ್ಲೂಕುಗಳಿಂದ ರೋಗಿಗಳು ಹೋಗುವುದು ತಲೆಮಾರುಗಳ ರೂಢಿ. ನಡುವೆ ಘಟಪ್ರಭಾದ ಆರೋಗ್ಯ ಧಾಮ, 1885ರಿಂದ ಗಿರಣಿ ಇರುವ ಗೋಕಾಕ ಫಾಲ್ಸ್, ಉಗಾರದ ಸಕ್ಕರೆ ಕಾರ್ಖಾನೆ. ರಸ್ತೆಯ ಕಥೆ ಕಬ್ಬು ನುರಿಸುವ ಹಂಗಾಮಿನಲ್ಲಿ ನೋಡಬೇಕು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಕಾರ್ಖಾನೆಯತ್ತ ತೆವಳುತ್ತ ಹೊರಟರೆ ಹಿಂದಿನ ಬಸ್ಸಿಗೆ ಅದರ ಬಾಲ ಹಿಡಿಯದೆ ಗತಿಯಿಲ್ಲ. ರಾತ್ರಿ ಹಿಂಬದಿಗೆ ದೀಪವೂ ಇಲ್ಲದ ಟ್ರೇಲರಿಗೆ ಬೈಕು ಗುದ್ದಿದ ಸುದ್ದಿ ಪ್ರತಿ ಹಂಗಾಮಿನಲ್ಲೂ ಬರುತ್ತದೆ. ಮಳೆಗಾಲದಲ್ಲಿ ಘಟಪ್ರಭೆ ಏರಿದರೆ ಲೋಳಸೂರ ಸೇತುವೆ ಮುಳುಗಿ ಸಂಚಾರ ನಿಲ್ಲುವುದು 2019ರ ಮಹಾಪೂರದಿಂದೀಚೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ.

ಈ ವಾದಕ್ಕೆ ಎದುರಾಗುವ ಅತಿ ಗಟ್ಟಿ ಆಕ್ಷೇಪ ನಕ್ಷೆಯಲ್ಲೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಪಟ್ಟಣಗಳಲ್ಲಿ ರೈಲು ಇಲ್ಲ. ಗೋಕಾಕದವರು ಗೋಕಾಕ ರೋಡಿಗೋ ಘಟಪ್ರಭಾಕ್ಕೋ ಹೋಗಬೇಕು, ಮೂಡಲಗಿಯವರಿಗೆ ಘಟಪ್ರಭಾವೋ ರಾಯಬಾಗವೋ, ಹುಕ್ಕೇರಿ ತಾಲ್ಲೂಕಿಗೆ ಪಾಶ್ಚಾಪುರವಿದ್ದರೂ ಹುಕ್ಕೇರಿ–ಸಂಕೇಶ್ವರದವರಿಗೆ ಹೆದ್ದಾರಿಯೇ ಹತ್ತಿರ. ಸಂಕೇಶ್ವರದವರು ರಾಷ್ಟ್ರೀಯ ಹೆದ್ದಾರಿ ಬಿಟ್ಟು ರೈಲಿಗೆ ಬರುವುದಿಲ್ಲ ಎಂಬುದನ್ನು ಒಪ್ಪಿಯೇಬಿಡೋಣ, ಬರಬೇಕೆಂದೂ ಇಲ್ಲ. ಉಳಿದವರ ವಿಷಯ ಬೇರೆ. ಟೇಶನ್ ದೂರವಿರುವುದಕ್ಕಿಂತ ದೊಡ್ಡ ತೊಡಕು, ಟೇಶನ್ನಿಗೆ ಹೋದರೆ ಗಾಡಿ ಇರುತ್ತದೆಂಬ ಭರವಸೆ ಇಲ್ಲದಿರುವುದು. ದಿನಕ್ಕೆ ಬೆರಳೆಣಿಕೆಯ ಗಾಡಿಗಳಿರುವಲ್ಲಿ ಟಂಟಂ ಆಟೊದವನೂ ಕಾಯುವುದಿಲ್ಲ, ವಾಯವ್ಯ ಸಾರಿಗೆಯ ಡಿಪೋದವರೂ ಬಸ್ಸು ಹಾಕುವುದಿಲ್ಲ. ಒಂದೂವರೆ ಗಂಟೆಗೊಂದು ಗಾಡಿ ಬರತೊಡಗಿದರೆ ಟಂಟಂ ತಾನಾಗಿಯೇ ಬರುತ್ತದೆ. ಬಸ್ಸನ್ನು ಮಾತ್ರ ಹೇಳಿ ತರಿಸಬೇಕು, ಗಾಡಿಯ ವೇಳೆಗೆ ಹೊಂದಿಸಿ ಟೇಶನ್ನಿನ ಅಂಗಳದಿಂದಲೇ ಬಿಡಿಸಬೇಕು. ಈಗ ನವೀಕರಿಸಿದ ಅಂಗಳಗಳಿಗೆ ಅದಕ್ಕಿಂತ ಒಳ್ಳೆಯ ಬಳಕೆ ಬೇರೆ ಯಾವುದಿದೆ?

ಎರಡನೆಯ ಆಕ್ಷೇಪ ಶಕ್ತಿ ಯೋಜನೆಯದು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತ; ದುಡ್ಡು ಕೊಟ್ಟು ರೈಲು ಯಾರು ಹತ್ತುತ್ತಾರೆ? ಅರ್ಧ ನಿಜ. ಆದರೆ ಶಕ್ತಿಯಿಂದ ಬಸ್ಸು ಎಷ್ಟು ತುಂಬಿದೆಯೆಂದರೆ, ಟಿಕೆಟ್ ತೆಗೆಯುವ ಗಂಡಸರು, ಪಾಸಿನ ವಿದ್ಯಾರ್ಥಿಗಳು ಬೆಳಗಿನ ಹೊತ್ತು ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದಾರೆ. ಅವರಲ್ಲಿ ಒಂದು ಪಾಲು ರೈಲಿಗೆ ಹೋದರೆ ಬಸ್ಸಿನಲ್ಲಿ ಉಳಿದ ಹೆಣ್ಣುಮಕ್ಕಳಿಗೂ ಕೂಡಲು ಜಾಗ ಸಿಗುತ್ತದೆ. ದರದ ವಿಷಯದಲ್ಲೂ ರೈಲು ಬಡವರ ಕೈಗೆಟುಕುವಂಥದ್ದು. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್‌ಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟನ್ನು 10 ರೂಪಾಯಿಯಿಂದ 30ಕ್ಕೆ ಏರಿಸಿದ್ದ ರೈಲ್ವೆ, 2024ರ ಫೆಬ್ರುವರಿಯಲ್ಲಿ ಅದನ್ನು ಮತ್ತೆ 10ಕ್ಕೆ ಇಳಿಸಿತು. ತಿಂಗಳ ಪಾಸ್ ತೆಗೆದರೆ ಇನ್ನೂ ಅಗ್ಗ. ನಷ್ಟವಾಗುತ್ತದೆ ಎನ್ನುವವರಿಗೆ ಒಂದೇ ಮಾತು: ನಷ್ಟ ಆಗುತ್ತದೆ. ದೇಶದ ಪ್ಯಾಸೆಂಜರ್ ಗಾಡಿಗಳು ಒಟ್ಟಾರೆ ನಷ್ಟದಲ್ಲೇ ಓಡುತ್ತಿವೆ. ಹಳಿಗೆ, ತಂತಿಗೆ ಸಾರ್ವಜನಿಕ ಹಣ ಸುರಿದಾದ ಮೇಲೆ, ಅದರ ಮೇಲೆ ಊರಿನವರನ್ನು ಓಡಾಡಿಸುವ ಕೊನೆಯ ಖರ್ಚಿಗೆ ಮಾತ್ರ ಲಾಭದ ಲೆಕ್ಕ ಕೇಳುವುದು ವಿಚಿತ್ರ.

ಹೊಸದೇ ಯಾಕೆ, ದೊಡ್ಡ ನಗರಗಳಲ್ಲಿ ಸವೆದ ಡಬ್ಬಿ ಕಳಿಸಿದರೆ ಸಾಲದೇ ಎಂಬ ಸಲಹೆಯೂ ಬರುತ್ತದೆ, ಬಹಳ ಔದಾರ್ಯದ ದನಿಯಲ್ಲಿ. ಇಂಥ ಅಗ್ಗದ ಪರಿಹಾರದ ರುಚಿಯನ್ನು ಇಂಗ್ಲೆಂಡಿನ ಉತ್ತರದ ಗಿರಣಿ ಊರುಗಳು ಉಂಡಿವೆ. 1980ರ ದಶಕದಲ್ಲಿ ಬಸ್ಸಿನ ಮೈಕಟ್ಟನ್ನು ರೈಲಿನ ಚೌಕಟ್ಟಿಗೆ ಕೂರಿಸಿ ‘ಪೇಸರ್’ ಎಂಬ ಅಗ್ಗದ ಗಾಡಿಗಳನ್ನು ಅಲ್ಲಿನ ಕವಲು ದಾರಿಗಳಿಗೆ ಬಿಟ್ಟರು. ಹೆಚ್ಚೆಂದರೆ ಇಪ್ಪತ್ತು ವರ್ಷ ಎಂದು ಮಾಡಿದ ಗಾಡಿಗಳು 2020ರ ಸುಮಾರಿನವರೆಗೆ ಕುಲುಕುತ್ತಲೇ ಇದ್ದವು; ಲಂಡನ್ನಿಗೊಂದು ನ್ಯಾಯ ನಮಗೊಂದು ನ್ಯಾಯ ಎಂಬ ಸಿಟ್ಟಿಗೆ ಅವು ಗುರುತಾಗಿಬಿಟ್ಟವು. ತಾತ್ಕಾಲಿಕವೆಂದು ಬಂದ ಹಳೆಯ ಡಬ್ಬಿ ಹಿಂದಕ್ಕೆ ಹೋದ ಉದಾಹರಣೆ ನಮ್ಮಲ್ಲೂ ವಿರಳ.

ಡಬ್ಬಿಯನ್ನು ಕಡೆಗೆ ನೋಡೋಣ ಎಂದು ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರು ಸಾಕು. ಅಲ್ಲಿನ ಉಪನಗರ ರೈಲು 148 ಕಿ.ಮೀ., ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿ. 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. 2025ರ ಅಕ್ಟೋಬರ್‌ಗೆ ಆ ಗಡುವು ಮುಗಿಯಿತು, ಒಂದು ಗಾಡಿಯೂ ಓಡಲಿಲ್ಲ. ವಿಳಂಬಕ್ಕೆ ಭೂಮಿ, ಗುತ್ತಿಗೆ ಎಂದು ನೂರು ಕಾರಣಗಳಿವೆ. ಅವುಗಳ ನಡುವೆ ಡಬ್ಬಿಯದೇ ಒಂದು ಉಪಕಥೆ: 264 ಡಬ್ಬಿಗಳನ್ನು ಖಾಸಗಿಯವರಿಂದ ಬಾಡಿಗೆ ರೀತಿಯಲ್ಲಿ ಪಡೆಯುವ ಟೆಂಡರಿಗೆ ಸ್ಪೇನಿನ ಸಿಎಎಫ್, ನಮ್ಮದೇ ಬಿಇಎಂಎಲ್ ಮುಂದೆ ಬಂದು, ಕಡೆಗೆ ಯಾವುದೂ ಕುದುರದೆ ಟೆಂಡರೇ ಬಿದ್ದುಹೋಯಿತು. ನಮ್ಮ ದಾರಿಗೆ ಈ ಸಂಕಟಗಳಿಲ್ಲ. ಭೂಮಿ ಹಿಡಿಯಬೇಕಿಲ್ಲ, ಕಂಬ ನೆಡಬೇಕಿಲ್ಲ. ರೈಲ್ವೆಯ ಸ್ವಂತ ಕಾರ್ಖಾನೆಗಳಲ್ಲಿ ತಯಾರಾಗುವ ಮೆಮುವಿನಲ್ಲಿ ಎರಡು ರೇಕು, ಅಂದರೆ ಎರಡು ಪೂರ್ತಿ ಗಾಡಿಗಳನ್ನು, ಈ ಕಡೆಗೆ ಹಂಚಿದರೆ ಸಾಕು. ಕೇರಳದಲ್ಲಿ ಬೆಳಗಿನ ಗಾಡಿಗಳ ನೂಕುನುಗ್ಗಲಿನ ವಿರುದ್ಧ ಜನ ಗಲಾಟೆ ಎಬ್ಬಿಸಿದ ಮೇಲೆ 2024ರ ಅಕ್ಟೋಬರ್‌ನಲ್ಲಿ ಕೊಲ್ಲಂ–ಎರ್ನಾಕುಲಂ ಮೆಮು ಬಂತು. ಹಂಚಿಕೆ ನಡೆಯುವುದೇ ಹಾಗೆ, ಕೇಳಿದವರಿಗೆ.

ಕೇಳುವುದರಲ್ಲಿ ನಮ್ಮದು ಹರಿದು ಹಂಚಿದ ದನಿ. ಗೋಕಾಕ ಮತ್ತು ಮೂಡಲಗಿಯ ಅರಭಾವಿ ಕ್ಷೇತ್ರ ಬೆಳಗಾವಿ ಲೋಕಸಭೆಗೆ, ಹುಕ್ಕೇರಿ ಮತ್ತು ಯಮಕನಮರಡಿ ಚಿಕ್ಕೋಡಿಗೆ. ಹಳಿಯೂ ಹಾಗೆಯೇ: ಇತ್ತ ಹುಬ್ಬಳ್ಳಿಯ ನೈರುತ್ಯ ರೈಲ್ವೆ, ಮೀರಜ್ ಮಾತ್ರ ಮಧ್ಯ ರೈಲ್ವೆಯ ಪುಣೆ ವಿಭಾಗಕ್ಕೆ. ಮೀರಜ್‌ನಲ್ಲಿ ಪ್ಲಾಟ್‌ಫಾರ್ಮ್ ಸಿಗುವುದಿಲ್ಲ ಎಂಬ ನೆಪ ಬಂದರೆ ಗಾಡಿಯನ್ನು ಮೊದಲು ಕುಡಚಿವರೆಗಾದರೂ ಓಡಿಸಬಹುದು. ನಿರ್ವಹಣೆಯದು ನಿಜವಾದ ಸಮಸ್ಯೆ: ಮೆಮುಗೆ ತನ್ನದೇ ಶೆಡ್ ಬೇಕು, ನೈರುತ್ಯ ರೈಲ್ವೆಯದು ಬೆಂಗಳೂರಿನ ಬಾಣಸವಾಡಿಯಲ್ಲಿದೆ. ಅಲ್ಲಿಂದ ಇಲ್ಲಿಗೆ ರೇಕು ತಂದು ಒಯ್ಯುವುದು ಆಗದ ಮಾತು. ಆದರೆ 19ನೇ ಶತಮಾನದಿಂದ ಡಬ್ಬಿ ರಿಪೇರಿಯನ್ನೇ ಕಸುಬಾಗಿ ಮಾಡಿಕೊಂಡು ಬಂದ ಕಾರ್ಯಾಗಾರ ಹುಬ್ಬಳ್ಳಿಯಲ್ಲೇ ಇರುವಾಗ, ಒಂದು ಮೆಮು ಶೆಡ್ಡಿಗೆ ಜಾಗ ಮತ್ತು ಕೈ ಎರಡೂ ಅಲ್ಲಿ ಸಿಗಬೇಕು. ಬೆಳಗಾವಿಯ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದ ಕಡಿಮೆ ಅವಧಿಯಲ್ಲಿ ಈ ಭಾಗದ ಕಡತಗಳು ಹೇಗೆ ಓಡಿದವು ಎಂಬುದನ್ನು ಜನ ಕಂಡಿದ್ದಾರೆ. ಈಗಿನ ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಅವರೂ ಕರ್ನಾಟಕದವರೇ. ಇಬ್ಬರೂ ಲೋಕಸಭಾ ಸದಸ್ಯರು ಒಂದೇ ಪತ್ರಕ್ಕೆ ಸಹಿ ಹಾಕಿ ಅವರ ಮುಂದಿಡಲಿ: ಹುಬ್ಬಳ್ಳಿಯಲ್ಲಿ ಶೆಡ್, ಎರಡು ಹೊಸ ರೇಕು, ಬೆಳಿಗ್ಗೆ ಒಂಬತ್ತೂವರೆಯೊಳಗೆ ಬೆಳಗಾವಿ ಮುಟ್ಟುವ ಒಂದು ಗಾಡಿ, ಸಂಜೆ ಕಚೇರಿ ಬಿಟ್ಟ ಮೇಲೆ ಆರು ಗಂಟೆಗೆ ಅಲ್ಲಿಂದ ಹೊರಡುವ ಇನ್ನೊಂದು.